ಹತ್ತು ಕಾರ್ಡ್ ಸೌದೆ ಉರಿಸಿದರೂ ದೊಡ್ಡ ಮನೆ ಬೆಚ್ಚಗಾಗದಿದ್ದರೆ ಏನು ಮಾಡಬೇಕು?

ಒಂದು ಚಳಿಗಾಲಕ್ಕೆ ಹತ್ತು ಕಾರ್ಡ್ ಸೌದೆ ಉರಿಸಿದರೂ ಅಮೆರಿಕದ ವರ್ಮಾಂಟ್ ರಾಜ್ಯದ ನಿಮ್ಮ ಎರಡು ಅಂತಸ್ತಿನ ಹಳೆಯ ಮನೆ ಬೆಚ್ಚಗಾಗುತ್ತಿಲ್ಲವೆಂದೂ, ಹೊಸ ಒಲೆ ಕೊಂಡರೆ ಸರಿಹೋದೀತೇ ಎಂದೂ ಕೇಳಿದ್ದೀರಿ. (ಹೊಸಬರಿಗಾಗಿ: ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರ, ಎಂಟು ಅಡಿ ಉದ್ದಕ್ಕೆ ಜೋಡಿಸಿಟ್ಟ ಸೌದೆ ಒಂದು ಕಾರ್ಡ್, ಅಂದರೆ 128 ಘನ ಅಡಿ.) ಇದೇ ರಾಜ್ಯದಲ್ಲಿ ಅಂಥದೇ ಮರದ ಮನೆಯಲ್ಲಿರುವ ನಾನು ಮೊದಲು ಒಲೆಯನ್ನೇ ಕೊಂಡೆ, ಮರುವರ್ಷವೂ ಹೆಚ್ಚುಕಡಿಮೆ ಅಷ್ಟೇ ಸೌದೆ ಸುಟ್ಟೆ. ಆದ್ದರಿಂದ ಮೊದಲು ಅಟ್ಟ ಹತ್ತಿ ನೋಡಿ, ಆಮೇಲೆ ಸೌದೆ ಕೊಟ್ಟಿಗೆಯನ್ನು ನೋಡಿ. ಒಲೆಯ ಮಾತು ಕಡೆಗಿರಲಿ.

ಬಿಸಿಗಾಳಿ ಮೇಲೇರಿ ಅಟ್ಟದ ಬಿರುಕುಗಳಿಂದ ಹೊರಬೀಳುವಾಗ, ಅಷ್ಟೇ ತಣ್ಣನೆಯ ಗಾಳಿ ನೆಲಮಾಳಿಗೆಯಲ್ಲಿ ಅಡಿಪಾಯದ ಕಲ್ಲಿಗೂ ಮರದ ತೊಲೆಗೂ ನಡುವಿನ ಸಂದುಗಳಿಂದ ಒಳನುಗ್ಗುತ್ತದೆ. ಹೊರಗೆ ಚಳಿ ಹೆಚ್ಚಿದಷ್ಟೂ, ಒಳಗೆ ನೀವು ಉರಿ ಹೆಚ್ಚಿಸಿದಷ್ಟೂ ಈ ಸೆಳೆತ ಜೋರಾಗುತ್ತದೆ. ಸೋರಿಕೆ ಎಲ್ಲೆಲ್ಲಿದೆ ಎಂದು ತಿಳಿಯಲು ಮುಂಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ, ಒಳಗಿನ ಒತ್ತಡವನ್ನು ಹೊರಗಿಗಿಂತ 50 ಪಾಸ್ಕಲ್‌ನಷ್ಟು ತಗ್ಗಿಸಿ ನೋಡುವ ಬ್ಲೋವರ್ ಡೋರ್ ಪರೀಕ್ಷೆ ಇದೆ. ಅದನ್ನು ಮಾಡುವವರನ್ನು ಇಂಧನ ಉಳಿತಾಯಕ್ಕೆ ನೆರವಾಗುವ ರಾಜ್ಯದ ಸಂಸ್ಥೆ ಎಫಿಷಿಯೆನ್ಸಿ ವರ್ಮಾಂಟ್ ಮೂಲಕ ಹುಡುಕಬಹುದು. ನಾನು ಕಿಟಕಿಗಳನ್ನೇ ಬೈಯುತ್ತಿದ್ದೆ; ನಮ್ಮ ಮನೆಯ ದೊಡ್ಡ ತೂತು ಇದ್ದದ್ದು ಇಟ್ಟಿಗೆಯ ಚಿಮಣಿ ಅಟ್ಟದ ನೆಲವನ್ನು ಹಾದುಹೋಗುವಲ್ಲಿ. ಆ ಸಂದನ್ನು ತಗಡು ಮತ್ತು ಶಾಖ ತಡೆಯುವ ಸೀಲೆಂಟ್‌ನಿಂದಲೇ ಮುಚ್ಚಬೇಕು, ಸಾಮಾನ್ಯ ಫೋಮ್ ತುಂಬಿದರೆ ಬೆಂಕಿಯ ಅಪಾಯ. ಸಂದುಗಳನ್ನೆಲ್ಲ ಮುಚ್ಚಿದ ಮೇಲಷ್ಟೇ ಅಟ್ಟದಲ್ಲಿ ಸೆಲ್ಯುಲೋಸ್ (ಕಾಗದದ ಚೂರಿನಿಂದ ಮಾಡಿದ, ಶಾಖ ತಡೆಯುವ) ಹೊದಿಕೆ ಹರಡಿಸಿ, ಏಕೆಂದರೆ ಹೊದಿಕೆ ಗಾಳಿಯ ಹರಿವನ್ನು ಪೂರ್ತಿ ತಡೆಯಲಾರದು. ಮನೆ ಬಿಗಿಯಾದ ಮೇಲೆ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಒಲೆಯ ಹೊಗೆಯನ್ನು ಒಳಗೆಳೆಯಬಹುದು. ಆದ್ದರಿಂದ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್‌ನ ಅಲಾರಂ ಇರಲೇಬೇಕು.

ಇನ್ನು ಸೌದೆ. ಹಸಿ ಸೌದೆ ಒಲೆಯಲ್ಲಿ ಸುಯ್ ಎನ್ನುತ್ತ ತುದಿಯಲ್ಲಿ ನೊರೆ ಕಾರುವುದನ್ನು ಮಲೆನಾಡಿನ ಬಚ್ಚಲೊಲೆಯ ಮುಂದೆ ಕುಳಿತವರೆಲ್ಲ ಕಂಡಿರುತ್ತಾರೆ. ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದವರೆಗೂ ನೀರಿರಬಹುದು. ಆ ನೀರನ್ನು ಆವಿ ಮಾಡಲು ಖರ್ಚಾಗುವ ಶಾಖ ಒಂದು ನಷ್ಟ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಉರಿ ತಣ್ಣಗಾಗಿ, ಮರದಿಂದ ಹೊರಟ ಅನಿಲ ಉರಿಯದೆಯೇ ಹೊಗೆಯಾಗಿ ಹೋಗಿ, ದಾರಿಯಲ್ಲಿ ಚಿಮಣಿಗೆ ಡಾಂಬರಿನಂಥ ಕ್ರಿಯೋಸೋಟ್ ಮೆತ್ತುವುದು. ‘ಒಣಗಿದ್ದು’ ಎಂದು ನನಗೆ ಮಾರಿದ ಸೌದೆ ತೇವಾಂಶ ಅಳೆಯುವ ಮೀಟರಿನಲ್ಲಿ ಶೇಕಡಾ ಮೂವತ್ತಕ್ಕೂ ಮೇಲೆ ತೋರಿಸಿತು. ಮೀಟರಿನ ಮುಳ್ಳುಗಳನ್ನು ತೊಗಟೆಗೋ ತುದಿಗೋ ಚುಚ್ಚಬೇಡಿ. ತುಂಡನ್ನು ಸೀಳಿ ಒಳಮೈಯಲ್ಲಿ ಅಳೆಯಿರಿ, 20 ಶೇಕಡಾಕ್ಕಿಂತ ಕಡಿಮೆ ಇರಲಿ.

ಉರಿಸುವ ಕ್ರಮದಲ್ಲಿ ಹೇಳಬೇಕಾದದ್ದು ಒಂದೇ. ರಾತ್ರಿಯಿಡೀ ಬರಲೆಂದು ಹಳೆಯ ಒಲೆಯ ಗಾಳಿಕಿಂಡಿಯನ್ನು ಮುಚ್ಚಿ ಮಂದವಾಗಿ ಉರಿಸಿದರೆ ಉಳಿತಾಯವಾಗುವುದಿಲ್ಲ. ಚಿಮಣಿಯಿಂದ ಏಳುವ ಬೂದುಬಣ್ಣದ ಹೊಗೆಯೆಲ್ಲ ಉರಿಯದ ಸೌದೆಯೇ. ಚಿಕ್ಕದಾಗಿ, ಜೋರಾಗಿ ಉರಿಸಿ. ನಿಧಾನದ ಉರಿಯೇ ಬೇಕಿದ್ದರೆ ಆಗ ಕ್ಯಾಟಲಿಟಿಕ್ ಒಲೆಯ ಬಗ್ಗೆ ಯೋಚಿಸಬಹುದು, ಅದರೊಳಗಿನ ವೇಗವರ್ಧಕ ಲೇಪಿಸಿದ ಜಾಲರಿ ಸುಮಾರು 260 ಡಿಗ್ರಿ ಸೆಲ್ಸಿಯಸ್‌ನಲ್ಲೇ ಹೊಗೆಯನ್ನು ಸುಡತೊಡಗುತ್ತದೆ. ಮನೆಯ ನಡುವೆ ಜಾಗವೂ ಕೈಯಲ್ಲಿ ಹಣವೂ ಇದ್ದರೆ ಫಿನ್‌ಲೆಂಡಿನವರಂತೆ ಟನ್‌ಗಟ್ಟಲೆ ತೂಗುವ ಕಲ್ಲೊಲೆ ಕಟ್ಟಿಸಿ, ದಿನಕ್ಕೆ ಒಂದೆರಡು ಬಾರಿ ಭರ್ರನೆ ಉರಿಸಿದರೆ ಸಾಕು, ಕಲ್ಲು ಆ ಶಾಖವನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ. ನನಗೆ ಆ ಯೋಗ ಕೂಡಿಬರಲಿಲ್ಲ. ತೆರೆದ ಬೆಂಕಿಗೂಡಿದ್ದರೆ ಮುಚ್ಚಿಬಿಡಿ, ಅದು ಕೊಡುವುದಕ್ಕಿಂತ ಕೋಣೆಯ ಬಿಸಿಗಾಳಿಯನ್ನು ಎಳೆದುಕೊಳ್ಳುವುದೇ ಹೆಚ್ಚು.

ಬಳಸದ ಕೋಣೆಗಳ ಬಾಗಿಲು ಹಾಕುವುದು ಸರಿಯೇ, ಆದರೆ ಅಲ್ಲಿ ನೀರಿನ ಪೈಪುಗಳಿದ್ದರೆ ಬೇಡ, ಹೆಪ್ಪುಗಟ್ಟಿ ಒಡೆದಾವು. ಹೀಗೆಲ್ಲ ಮಾಡಿದ ಮೇಲೆ ನಮ್ಮ ಮನೆಯ ಲೆಕ್ಕ ಒಂಬತ್ತು ಕಾರ್ಡ್‌ನಿಂದ ಐದೂವರೆಗೆ ಇಳಿದಿದೆ. ಸದ್ಯಕ್ಕೆ ಸೌದೆ ಕೊಳ್ಳುವುದಿದ್ದರೆ ಹಸಿಯಲ್ಲೂ ನೀರು ಕಡಿಮೆಯಿರುವ ಆ್ಯಶ್ ಮರವನ್ನು ಕೇಳಿ. ರೆಡ್ ಓಕ್ ಸಿಕ್ಕರೆ ಸೀಳಿ, ಗಾಳಿಯಾಡುವಲ್ಲಿ ಜೋಡಿಸಿ, ಮೇಲಷ್ಟೇ ಹೊದಿಸಿ ಎರಡು ಬೇಸಿಗೆ ಅದನ್ನು ಮುಟ್ಟದೆ ಬಿಡಿ.