ಸಸಿ ಹಚ್ಚೋಕಿಂತ ಮೊದಲು ಸೋರೋ ನಳ ನೋಡ್ರಿ

ಡಿಗ್ರಿ ಕಾಲೇಜಿನಲ್ಲಿ ಇಕೋ ಕ್ಲಬ್ ಶುರು ಮಾಡ್ತಿದ್ದೀವಿ, ರೊಕ್ಕ ಹೆಚ್ಚಿಲ್ಲ, ಮೊದಲು ಏನು ಮಾಡಬೇಕು ಅಂತ ಕೇಳೀರಿ. ವಿಜಯಪುರದ ಒಂದು ಕಾಲೇಜಿನಲ್ಲಿ ಈ ಕೆಲಸ ಆರು ವರ್ಷ ನನ್ನ ಕೊರಳಿಗೆ ಬಿದ್ದಿತ್ತು, ಅದಕ್ಕೇ ಹೇಳ್ತೀನಿ.

ಜೂನ್ 5, ಪರಿಸರ ದಿನ ಬಂತು ಅಂತ ಸಸಿ ಹಚ್ಚೋಕೆ ಓಡಬೇಡ್ರಿ. ನಾವು ಮೊದಲ ವರ್ಷ ಮಾಡಿದ್ದು ಅದನ್ನೇ. ಬ್ಯಾನರ್, ಫೋಟೊ, ಅರವತ್ತು ಸಸಿ. ಮುಂದಿನ ಬೇಸಿಗೆಯಲ್ಲಿ ಪರೀಕ್ಷೆ, ಹಿಂದೆಯೇ ಸೂಟಿ. ನಮ್ಮೂರ ಬಿಸಿಲಲ್ಲಿ ನೀರು ಹಾಕೋರೇ ಇರಲಿಲ್ಲ. ಉಳಿದಿದ್ದು ವಾಚ್‌ಮನ್ ಖೋಲಿ ಹತ್ತಿರದ ನಾಲ್ಕು ಬೇವು, ಅದೂ ಅವರು ಮುಖ ತೊಳೆದ ನೀರಿನ ಮೇಲೆ. ಕಾಲೇಜುಗಳಿಗೆ ದರ್ಜೆ ಕೊಡೋ ನ್ಯಾಕ್‌ಗೆ ತೋರಿಸೋ ಏಳನೇ ಮಾನದಂಡದ ಫೈಲಿನಲ್ಲಿ ಮಾತ್ರ ಅರವತ್ತೂ ಇನ್ನೂ ಹಸಿರಾಗೇ ಇವೆ!

ಎರಡನೇ ವರ್ಷ ಬುದ್ಧಿ ಬಂತು. ಹುಡುಗರ ಶೌಚಾಲಯದ ಒಂದು ನಳ ತೊಟ್ಟಿಕ್ಕುತ್ತಿತ್ತು. ಸಂಜೆ 5ಕ್ಕೆ ಅದರ ಕೆಳಗೆ ಬಕೆಟ್ ಇಟ್ಟು ಬೆಳಗ್ಗೆ 9ಕ್ಕೆ ಅಳೆದ್ವಿ: 10 ಲೀಟರ್. ಅಂದ್ರೆ ದಿನಕ್ಕೆ 15, ವರ್ಷಕ್ಕೆ ಐದು ಸಾವಿರ ದಾಟುತ್ತೆ. ಆ ಲೆಕ್ಕವನ್ನ ಪ್ರಿನ್ಸಿಪಾಲರ ಮೇಜಿನ ಮೇಲೆ ಇಟ್ಟ ಮೇಲೆ ಪ್ಲಂಬರ್ ಬಂದ. ಅಲ್ಲಿ ತನಕ ಮೂರು ಅರ್ಜಿ ಕೊಟ್ಟಿದ್ವಿ, ಯಾರೂ ಕೇಳಿರಲಿಲ್ಲ.

ಆಮೇಲೆ ಮಾಳಿಗೆ ನೀರು. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ರೆ ಒಂದು ಲೀಟರ್. 300 ಚದರ ಮೀಟರ್ ಮಾಳಿಗೆ ಮೇಲೆ 20 ಮಿ.ಮೀ. ಬಿದ್ರೆ 6,000 ಲೀಟರ್, ಹೆಚ್ಚೂಕಡಿಮೆ ಒಂದು ಟ್ಯಾಂಕರ್. ನಮ್ಮಲ್ಲಿ ಜೋರು ಮಳೆ ಸೆಪ್ಟೆಂಬರ್‌ನಲ್ಲಿ, ಅದರೊಳಗೆ ಪೈಪ್ ಕೂಡಿಸಿ ಮುಗಿಸ್ರಿ. ಇಂಗುಗುಂಡಿ ತೋಡೋದಾದ್ರೆ ಎರೆ, ಅಂದ್ರೆ ಕಪ್ಪು ಮಣ್ಣು ದಾಟಿ ಗರಸು, ಅಂದ್ರೆ ಕಲ್ಲುಮಿಶ್ರಿತ ಮಣ್ಣು, ಹತ್ತೋ ತನಕ ತೋಡಬೇಕು. ಎರೆ ಒಮ್ಮೆ ನೆನೆದು ಉಬ್ಬಿತಂದ್ರೆ ನೀರನ್ನ ಕೆಳಗೆ ಬಿಡೋದಿಲ್ಲ. ನಮ್ಮ ಮೊದಲ ಗುಂಡಿ ಸೊಳ್ಳೆ ಸಾಕೋ ಹೊಂಡ ಆಗಿತ್ತು.

ಆರ್‌ಒ ಯಂತ್ರ ಹೊರಗೆ ಬಿಡೋ ನೀರನ್ನ ಗಿಡಕ್ಕೆ ಹಾಕಬೇಡ್ರಿ, ಉಪ್ಪು ಜಾಸ್ತಿ. ನೆಲ ಒರೆಸೋಕೆ, ಶೌಚಾಲಯಕ್ಕೆ ಸರಿ.

ಭಾಷಣ ಇಡೋ ಬದಲು ಹುಡುಗರನ್ನ ಒಂದು ಭಾನುವಾರ ಊರು ಸುತ್ತಿಸ್ರಿ. ನಾವು 1620ರ ದೊಡ್ಡ ಬಾವಿ ತಾಜ್ ಬಾವಡಿ ತೋರಿಸಿ, ಆದಿಲಶಾಹಿಗಳು ಹತ್ತಿರದ ತೊರವಿಯಿಂದ ನೆಲದೊಳಗೇ ನೀರು ತಂದು, ಒತ್ತಡ ಇಳಿಸೋಕೆ ಗಂಜ್ ಅನ್ನೋ ಗೋಪುರ ಕಟ್ಟಿದ್ದು ಹೇಳಿದ್ವಿ. ಮರುದಿನ ಬಿಎ ಹುಡುಗಿಯೊಬ್ಬಳು "ಸರ್, ನಮ್ಮ ಓವರ್‌ಹೆಡ್ ಟಾಕಿ ದಿನಾ ತುಂಬಿ ಚೆಲ್ತದಲ್ರಿ" ಅಂತ ಬಂದಳು.

ಇಷ್ಟೆಲ್ಲ ಆದ ಮೇಲೆ ಸಸಿ ಹಚ್ರಿ, ಹತ್ತು ಸಾಕು. ಸೂಟಿಯಲ್ಲಿ ನೀರು ಹಾಕೋರ ಹೆಸರು ಅವತ್ತೇ ಬರೆದಿಡ್ರಿ, ಊರಲ್ಲೇ ಇರೋ ಹುಡುಗರದು. ಹಳ್ಳಿಗೆ ಹೋಗೋರ ಹೆಸರು ಬರೆದು ನಾವು ಇನ್ನೊಂದು ಸಲ ಕೆಟ್ಟಿದ್ವಿ.