ಪ್ರೈಮರಿಯಲ್ಲಿ ಮೆಚ್ಚಿದವರಿಗೆ ಮತ ಹಾಕಬೇಕೋ, ಗೆಲ್ಲಬಲ್ಲವರಿಗೋ?

ಡಲ್ಲಾಸ್‌ನಲ್ಲಿರುವ ನಿಮಗೆ ಈಗಷ್ಟೇ ಅಮೆರಿಕದ ಪೌರತ್ವ ಸಿಕ್ಕಿದೆ, 2028ರ ಅಧ್ಯಕ್ಷೀಯ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಚುನಾವಣೆಯಲ್ಲಿ, ಮೊದಲ ಸಲ ಮತ ಹಾಕುತ್ತೀರಿ. ಮನಸ್ಸಿಗೆ ಒಪ್ಪಿದವರಿಗೆ ಹಾಕುವುದೋ, ನವೆಂಬರ್‌ನಲ್ಲಿ ಎದುರು ಪಕ್ಷವನ್ನು ಸೋಲಿಸಬಲ್ಲವರಿಗೆ ಹಾಕುವುದೋ ಎಂದು ಕೇಳಿದ್ದೀರಿ. ಎರಡನೆಯದೇ ಜಾಣತನ ಎಂದು ಸ್ನೇಹಿತರು ಹೇಳಿದರೆಂದೂ ಬರೆದಿದ್ದೀರಿ.

ಮನಸ್ಸಿಗೆ ಒಪ್ಪಿದವರಿಗೇ ಹಾಕಿ ಎಂಬುದು ನನ್ನ ಉತ್ತರ. ಆದರೆ ನಾನೇ ಒಮ್ಮೆ ಅದಕ್ಕೆ ವಿರುದ್ಧವಾಗಿ ನಡೆದುಕೊಂಡಿದ್ದೇನೆ. ಹಾಗೆ ನಡೆದುಕೊಂಡವರೆಲ್ಲ ತಪ್ಪು ಮಾಡಿದರು ಎನ್ನಲು ಈಗಲೂ ನನಗೆ ಬಾಯಿ ಬರುವುದಿಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಾನಿರುವುದು ಅಯೋವಾ ರಾಜ್ಯದಲ್ಲಿ, ಡೆಮೊಯ್ನ್ ನಗರದ ಪಕ್ಕದ ಒಂದು ಊರಿನಲ್ಲಿ. 2020ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯ ಆಯ್ಕೆ ಶುರುವಾದದ್ದು ನಮ್ಮ ರಾಜ್ಯದಿಂದಲೇ, ಫೆಬ್ರುವರಿ 3ರ ರಾತ್ರಿ. ನಮ್ಮಲ್ಲಿ ಆಗ ಪ್ರೈಮರಿ ಇರಲಿಲ್ಲ, ಕಾಕಸ್ ಇತ್ತು. ಗುಟ್ಟಾಗಿ ಮತ ಹಾಕಿ ಮನೆಗೆ ಹೋಗುವ ಹಾಗಿಲ್ಲ. ಒಂದೇ ಬಡಾವಣೆಯವರೆಲ್ಲ ಒಂದು ಕಡೆ ಸೇರಿ, ತಮ್ಮ ಅಭ್ಯರ್ಥಿಯ ಹೆಸರಿರುವ ಮೂಲೆಗೆ ಹೋಗಿ, ಎಲ್ಲರ ಕಣ್ಣೆದುರು ನಿಲ್ಲಬೇಕು. ಯಾವ ಗುಂಪಿನಲ್ಲಿ ಒಟ್ಟು ಬಂದವರ ಶೇಕಡ 15ರಷ್ಟು ಜನ ಇರುವುದಿಲ್ಲವೋ ಆ ಗುಂಪು ಒಡೆಯುತ್ತದೆ, ಅದರಲ್ಲಿದ್ದವರು ಎರಡನೆಯ ಸುತ್ತಿನಲ್ಲಿ ಬೇರೆ ಗುಂಪು ಸೇರಬಹುದು.

ಅಭ್ಯರ್ಥಿಗಳಲ್ಲಿ ನನ್ನ ಮನಸ್ಸಿನಲ್ಲಿದ್ದವರು ಸೆನೆಟರ್ ಎಲಿಜಬೆತ್ ವಾರನ್. ಆಗ ನನ್ನ ಮಗಳಿಗೆ ಮೂರು ವರ್ಷ, ಅವಳನ್ನು ಶಿಶುವಿಹಾರಕ್ಕೆ ಬಿಡುವ ಖರ್ಚು ಮನೆಯ ಬಾಡಿಗೆಯ ಹತ್ತಿರ ಬಂದಿತ್ತು. ಮಕ್ಕಳ ಪಾಲನೆಗೆ ಯಾವ ಕುಟುಂಬವೂ ತನ್ನ ಆದಾಯದ ಶೇಕಡ 7ಕ್ಕಿಂತ ಹೆಚ್ಚು ಕೊಡಬೇಕಾಗಬಾರದು, ಅದಕ್ಕೆ ಬೇಕಾದ ಹಣವನ್ನು 5 ಕೋಟಿ ಡಾಲರ್‌ಗಿಂತ ಹೆಚ್ಚು ಆಸ್ತಿ ಇರುವವರ ಮೇಲೆ ತೆರಿಗೆ ಹಾಕಿ ತರುತ್ತೇನೆ ಎಂದು ಅವರು ಲೆಕ್ಕವಿಟ್ಟು ಹೇಳಿದ್ದರು. ಹೀಗಿದ್ದೂ ಆ ರಾತ್ರಿ, ಶಾಲೆಯ ಊಟದ ಹಾಲ್‌ನಲ್ಲಿ, ನಾನು ಹೋಗಿ ನಿಂತದ್ದು ಜೋ ಬೈಡನ್ ಮೂಲೆಯಲ್ಲಿ. ಕಾರಣ ಒಂದೇ: ಟ್ರಂಪ್ ಅವರನ್ನು ಸೋಲಿಸಲು ಒಬ್ಬ ಹೆಂಗಸಿನಿಂದ ಆಗುವುದಿಲ್ಲ, 2016ರಲ್ಲಿ ಅವರೆದುರು ಸೋತ ಹಿಲರಿ ಕ್ಲಿಂಟನ್ ಅವರಿಗೆ ಆದದ್ದೇ ಇವರಿಗೂ ಆಗುತ್ತದೆ ಎಂಬ ಭಯ. ಹಾಗೆ ಯೋಚಿಸುವಾಗ ನನ್ನ ಕಣ್ಣ ಮುಂದೆ ಇದ್ದವನು ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವನು. 2016ರಲ್ಲಿ ಟ್ರಂಪ್‌ಗೆ ಮತ ಹಾಕಿದವನು, ಒಳ್ಳೆಯ ಮನುಷ್ಯ. ಇವನು ವಾರನ್‌ಗೆ ಹಾಕುವುದಿಲ್ಲ, ಬೈಡನ್‌ಗೆ ಹಾಕಿದರೂ ಹಾಕಬಹುದು ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ.

ಕೈಯಲ್ಲಿ ಒಂದು ಕಾಗದದ ಕಾರ್ಡು ಕೊಟ್ಟಿದ್ದರು. ಒಂದು ಮಗ್ಗುಲಲ್ಲಿ 1, ಇನ್ನೊಂದು ಮಗ್ಗುಲಲ್ಲಿ 2. ಮೊದಲ ಆಯ್ಕೆಯನ್ನು ಬರೆದು ಸಹಿ ಹಾಕಿ ಎಣಿಕೆಗೆ ಕಾಯುತ್ತ ನಿಂತಾಗ ಅಕ್ಕಪಕ್ಕದವರೊಡನೆ ಮಾತಿಗೆ ಮಾತು ಬೆಳೆಯಿತು. ನಿವೃತ್ತ ಶಿಕ್ಷಕಿಯೊಬ್ಬರು ನನಗೆ ಇನ್ನೊಬ್ಬ ಮಹಿಳಾ ಅಭ್ಯರ್ಥಿ ಎಮಿ ಕ್ಲೋಬುಚಾರ್ ಇಷ್ಟ ಎಂದರು. ಮತ್ತೆ ಇಲ್ಲೇಕೆ ನಿಂತಿದ್ದೀರಿ ಎಂದು ಕೇಳಿದೆ. ಪೆನ್ಸಿಲ್ವೇನಿಯಾದಲ್ಲಿರುವ ನನ್ನ ತಮ್ಮ, ಹೆಂಗಸಿಗೆ ಮತ ಹಾಕುವವನಲ್ಲ ಎಂದರು. ಅವರ ಹಿಂದಿದ್ದ ಯುವಕನಿಗೆ ಪೀಟ್ ಬುಟಿಜೆಜ್ ಮೆಚ್ಚುಗೆ, ಆದರೆ ಬುಟಿಜೆಜ್ ಇನ್ನೊಬ್ಬ ಗಂಡಸನ್ನು ಮದುವೆಯಾಗಿರುವುದನ್ನು ತನ್ನ ಚರ್ಚಿನವರು ಒಪ್ಪುವುದಿಲ್ಲವಂತೆ. ಬೈಡನ್ ಅವರನ್ನೇ ಮನಸಾರೆ ಮೆಚ್ಚಿ ಬಂದವರೂ ಅಲ್ಲಿದ್ದರು, ಇಲ್ಲವೆನ್ನುವುದಿಲ್ಲ. ಆದರೆ ನಾನು ಮಾತನಾಡಿಸಿದ ಐದಾರು ಜನರಲ್ಲಿ ಹೆಚ್ಚಿನವರು ನಿಂತಿದ್ದು ಆ ಹಾಲ್‌ನಲ್ಲಿ ಇಲ್ಲದ ಯಾರದೋ ಪರವಾಗಿ. ಊರಿನಲ್ಲಿ ನನ್ನ ಅಮ್ಮ ಯಾವುದಕ್ಕೂ ನಾಲ್ಕು ಜನ ಏನೆನ್ನುತ್ತಾರೆ ಎನ್ನುತ್ತಿದ್ದರು. ಆ ನಾಲ್ಕು ಜನ ಯಾರು ಎಂದು ಅಲ್ಲಿಯೂ ಯಾರೂ ವಿಚಾರಿಸಿರಲಿಲ್ಲ, ಇಲ್ಲಿಯೂ ಯಾರೂ ವಿಚಾರಿಸಿರಲಿಲ್ಲ.

ಬಂದಿದ್ದವರು 180 ಜನ. ಗುಂಪು ಉಳಿಯಲು 27 ಮಂದಿ ಬೇಕಿತ್ತು, ನಾವಿದ್ದದ್ದು 23. ಗುಂಪು ಒಡೆಯಿತು. ಆ ಶಿಕ್ಷಕಿ ಒಂದು ಕ್ಷಣವೂ ತಡಮಾಡದೆ ಕ್ಲೋಬುಚಾರ್ ಕಡೆ ನಡೆದರು. ನಾನು ಕಾರ್ಡನ್ನು ತಿರುಗಿಸಿ 2ರ ಕೆಳಗೆ ವಾರನ್ ಎಂದು ಬರೆದು ಅವರ ಗುಂಪಿಗೆ ಹೋದೆ. ಆಗ ಆದ ನಿರಾಳ ನನಗೆ ಇಂದಿಗೂ ನೆನಪಿದೆ.

ಮರುದಿನ ಮನಸ್ಸು ತಡೆಯದೆ ಪಕ್ಕದ ಮೇಜಿನವನನ್ನು ಕೇಳಿಯೇಬಿಟ್ಟೆ. ಈ ಸಲವೂ ಟ್ರಂಪ್‌ಗೇ, ಎದುರಿಗೆ ಯಾರೇ ನಿಂತರೂ ಅಷ್ಟೆ ಎಂದ. ಯಾರ ಮತಕ್ಕಾಗಿ ನಾನು ನನ್ನ ಮೊದಲ ಆಯ್ಕೆಯನ್ನು ಬಿಟ್ಟುಕೊಟ್ಟಿದ್ದೆನೋ ಅವನ ಮತ ಸಿಗುವ ಸಾಧ್ಯತೆಯೇ ಇರಲಿಲ್ಲ. ಒಂದು ಮಾತು ಕೇಳಿದ್ದರೆ ಹಿಂದಿನ ದಿನವೇ ಗೊತ್ತಾಗುತ್ತಿತ್ತು.

ಇದು ನನ್ನೊಬ್ಬಳ ಕಥೆಯಲ್ಲ. ಆ ರಾತ್ರಿ ಅಯೋವಾದಲ್ಲಿ ಕಾಕಸ್‌ಗೆ ಬಂದವರನ್ನು ಬಾಗಿಲಲ್ಲೇ ಕೇಳಿದ ಸಮೀಕ್ಷೆಯಲ್ಲಿ ಹತ್ತರಲ್ಲಿ ಸುಮಾರು ಆರು ಮಂದಿ, ತಮ್ಮ ವಿಚಾರಗಳಿಗೆ ಹತ್ತಿರವಾದವರಿಗಿಂತ ಟ್ರಂಪ್ ಅವರನ್ನು ಸೋಲಿಸಬಲ್ಲವರೇ ಬೇಕು ಎಂದಿದ್ದರು. ಅದಕ್ಕೂ ಮೊದಲು, 2019ರಲ್ಲಿ ನಡೆದ ಇನ್ನೊಂದು ಸಮೀಕ್ಷೆ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿದೆ. ಮಹಿಳೆ ಅಧ್ಯಕ್ಷೆಯಾದರೆ ನಿಮಗೆ ಒಪ್ಪಿಗೆಯೇ ಎಂದು ಡೆಮಾಕ್ರಟರನ್ನೂ ಪಕ್ಷೇತರ ಮತದಾರರನ್ನೂ ಕೇಳಿದಾಗ ಮುಕ್ಕಾಲು ಪಾಲು ಜನ ಹೌದು ಎಂದರು. ನಿಮ್ಮ ನೆರೆಯವರಿಗೆ ಒಪ್ಪಿಗೆಯೇ ಎಂದಾಗ ಹೌದು ಎಂದವರು ಮೂರರಲ್ಲಿ ಒಂದು ಪಾಲು ಮಾತ್ರ. ನೆರೆಯವರೆಂದರೆ ಮತ್ತೆ ಈ ಜನರೇ ತಾನೆ?

ಕರ್ನಾಟಕದ ಚುನಾವಣೆಯ ಮಾತಿನಲ್ಲಿ ಇದಕ್ಕೆ ಗೆಲ್ಲುವ ಕುದುರೆ ಎನ್ನುತ್ತೇವೆ. ಅಲ್ಲಿ ಕುದುರೆಯನ್ನು ಆರಿಸಿ ಟಿಕೆಟ್ ಕೊಡುವುದು ಹೈಕಮಾಂಡ್. ಕೊಟ್ಟ ಮೇಲೆ ನಮ್ಮ ಸರದಿ. ಇಲ್ಲಿ ಟಿಕೆಟ್ ಕೊಡುವ ಅಧಿಕಾರವೇ ನಿಮ್ಮ ಕೈಯಲ್ಲಿದೆ. ಅದನ್ನು ಕೈಗೆ ತೆಗೆದುಕೊಂಡ ತಕ್ಷಣ ನಾವೂ ಹೈಕಮಾಂಡಿನ ಹಾಗೆಯೇ ಜಾತಿ, ಲಿಂಗ, ಬಣ್ಣದ ಲೆಕ್ಕ ಹಾಕಲು ಕುಳಿತರೆ ನನಗೆ ಬಹಳ ನೋವಾಗುತ್ತದೆ. ಏಕೆಂದರೆ ಆ ಲೆಕ್ಕದಲ್ಲಿ ಮೊದಲು ಹೊರಗೆ ಬೀಳುವವರು ಹಿಂದೆಂದೂ ಆ ಕುರ್ಚಿಯಲ್ಲಿ ಕುಳಿತಿರದ ಜನ, ಅಂದರೆ ನಮ್ಮಂಥವರು.

ಈ ಲೆಕ್ಕ ಸರಿಯಾಗುವುದಾದರೂ ಇದೆಯೇ ಎಂದು ನೋಡಿದರೆ, 2004ರಲ್ಲಿ ಇದೇ ಅಯೋವಾದ ಜನ ಇರಾಕ್ ಯುದ್ಧವನ್ನು ಖಂಡಿಸುತ್ತಿದ್ದ ಹೊವರ್ಡ್ ಡೀನ್ ಅವರನ್ನು ಬಿಟ್ಟು ಜಾನ್ ಕೆರ್ರಿ ಅವರನ್ನು ಆರಿಸಿದರು. ವಿಯೆಟ್ನಾಂನಲ್ಲಿ ಪದಕ ಗಳಿಸಿದ ಸೈನಿಕ, ಆಗಿನ ಅಧ್ಯಕ್ಷ ಬುಷ್ ಅವರನ್ನು ಇವರೇ ಸೋಲಿಸಬಲ್ಲರು ಎಂಬ ನಂಬಿಕೆ. ಡೀನ್ ಜೊತೆ ಓಡಾಡಿದೆ, ಕೆರ್ರಿಯನ್ನು ಮದುವೆಯಾದೆ ಎಂಬ ಅರ್ಥದ ಬಿಲ್ಲೆಗಳೇ ಆಗ ಚಲಾವಣೆಯಲ್ಲಿದ್ದವು. ನವೆಂಬರ್‌ನಲ್ಲಿ ಕೆರ್ರಿ ಸೋತರು. 2016ರಲ್ಲಿ ರಿಪಬ್ಲಿಕನ್ ಪಕ್ಷದ ಹಿರಿಯರೇ ಟ್ರಂಪ್ ಗೆಲ್ಲಲಾರರು ಎಂದು ತಲೆಯ ಮೇಲೆ ಕೈಹೊತ್ತು ಕುಳಿತಿದ್ದರು. ಪ್ರೈಮರಿ ಮತದಾರರು ಆ ಮಾತನ್ನು ಕಿವಿಗೆ ಹಾಕಿಕೊಳ್ಳದೆ ತಮಗೆ ಬೇಕಾದವರಿಗೆ ಹಾಕಿದರು, ಅವರು ಗೆದ್ದರು.

ಇಷ್ಟು ಹೇಳಿದ ಮೇಲೆ ದಕ್ಷಿಣ ಕೆರೊಲಿನಾದ ಮಾತು ಬರೆಯದಿದ್ದರೆ ಅನ್ಯಾಯವಾಗುತ್ತದೆ. 2020ರಲ್ಲಿ ಬೈಡನ್ ಅಯೋವಾದಲ್ಲಿ ನಾಲ್ಕನೆಯವರು, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರು. ಗೆಲ್ಲುವ ಕುದುರೆ ಕುಂಟುತ್ತಿತ್ತು. ಫೆಬ್ರುವರಿ 26ರಂದು ದಕ್ಷಿಣ ಕೆರೊಲಿನಾದ ಹಿರಿಯ ಕಪ್ಪುವರ್ಣೀಯ ಸಂಸದ ಜಿಮ್ ಕ್ಲೈಬರ್ನ್, ಬೈಡನ್ ಅವರಿಗೆ ಬೆಂಬಲ ಘೋಷಿಸಿ, ನಮಗೆ ಜೋ ಗೊತ್ತು, ಅದಕ್ಕಿಂತ ಮುಖ್ಯವಾಗಿ ಜೋಗೆ ನಾವು ಗೊತ್ತು ಎಂದರು. 29ರಂದು ಅಲ್ಲಿನ ಪ್ರೈಮರಿಯಲ್ಲಿ ಬೈಡನ್‌ಗೆ ಶೇಕಡ 48ಕ್ಕಿಂತ ಹೆಚ್ಚು ಮತ ಬಂತು. ಆ ಪ್ರೈಮರಿಯಲ್ಲಿ ಮತ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪುವರ್ಣೀಯರು. ಅವರೂ ಗೆಲುವಿನ ಲೆಕ್ಕ ಹಾಕಿದರು ಎಂಬುದು ನಿಜ. ಆದರೆ ಬಿಳಿಯ ನೆರೆಯವರು ಏನನ್ನು ಸಹಿಸುತ್ತಾರೆ, ಏನನ್ನು ಸಹಿಸುವುದಿಲ್ಲ ಎಂಬುದನ್ನು ತಲೆಮಾರುಗಳ ಕಾಲ ಮೈಮೇಲೆ ಅನುಭವಿಸಿ ಅರಿತವರು ಅವರು. ಸೋತರೆ ಮೊದಲ ಪೆಟ್ಟು ಬೀಳುವುದೂ ಅವರಿಗೇ. ನನ್ನ ಊಹೆಯನ್ನೂ ಅವರ ಅರಿವನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನು ಒಪ್ಪುವುದಿಲ್ಲ. 2008ರಲ್ಲಿಯೂ ಅವರಲ್ಲಿ ಬಹಳ ಮಂದಿ ಮೊದಲು ಹಿಲರಿ ಕ್ಲಿಂಟನ್ ಕಡೆಗಿದ್ದರು. ಜನವರಿ 3ರಂದು, ನೂರಕ್ಕೆ ತೊಂಬತ್ತರಷ್ಟು ಬಿಳಿಯರೇ ಇದ್ದ ಅಯೋವಾದಲ್ಲಿ ಬರಾಕ್ ಒಬಾಮ ಗೆದ್ದದ್ದನ್ನು ಕಂಡ ಮೇಲೆ ಅವರತ್ತ ತಿರುಗಿದರು. ನಮ್ಮ ಅಯೋವಾದವರು ಆ ರಾತ್ರಿ ದಕ್ಷಿಣದವರು ಏನೆನ್ನುತ್ತಾರೋ ಎಂದು ಯೋಚಿಸುತ್ತ ಬೇರೆ ಮೂಲೆಗೆ ಹೋಗಿದ್ದರೆ ದಕ್ಷಿಣದವರಿಗೆ ಆ ಸಾಕ್ಷಿಯೇ ಸಿಗುತ್ತಿರಲಿಲ್ಲ.

2020ರ ನವೆಂಬರ್‌ನಲ್ಲಿ ಬೈಡನ್ ಗೆದ್ದರಲ್ಲ ಎಂದು ನೀವು ಕೇಳಬಹುದು. ಗೆದ್ದರು, ನನಗೂ ಸಂತೋಷವಾಯಿತು. ವಾರನ್ ಅಥವಾ ಕಣದಲ್ಲಿದ್ದ ಇನ್ನೊಬ್ಬ ಅಭ್ಯರ್ಥಿ ಬರ್ನಿ ಸ್ಯಾಂಡರ್ಸ್ ನಿಂತಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಮಾತ್ರ ಯಾರ ಬಳಿಯೂ ಉತ್ತರವಿಲ್ಲ.

ಇನ್ನು ನಿಮ್ಮ ರಾಜ್ಯ ಟೆಕ್ಸಾಸ್‌ನ ವಿಷಯ. ಅಲ್ಲಿ ಪಕ್ಷದ ನೋಂದಣಿ ಇಲ್ಲ. ಮತಗಟ್ಟೆಗೆ ಹೋದಾಗ ಯಾವ ಪಕ್ಷದ ಮತಪತ್ರ ಬೇಕೆಂದು ಹೇಳಿದರಾಯಿತು, ಎರಡರಲ್ಲಿ ಒಂದನ್ನು ಮಾತ್ರ ಪಡೆಯಬಹುದು. ಮತದಾರರ ಪಟ್ಟಿಯಲ್ಲಿ ಹೆಸರು ಮಾತ್ರ ಚುನಾವಣೆಗೆ 30 ದಿನ ಮೊದಲೇ ಸೇರಿರಬೇಕು. ಹೆಸರು ಸೇರಿಸುವುದನ್ನು ಪೌರತ್ವದ ಪ್ರಮಾಣಪತ್ರ ಕೈಗೆ ಬಂದ ವಾರವೇ ಮಾಡಿಬಿಡಿ.

ನಿಮ್ಮ ರಾಜ್ಯದಲ್ಲಿ ಮುಂಗಡ ಮತದಾನವೂ ಇದೆ. 2020ರಲ್ಲಿ ಅದು ಮುಗಿದದ್ದು ಫೆಬ್ರುವರಿ 28ಕ್ಕೆ. ಮರುದಿನ ದಕ್ಷಿಣ ಕೆರೊಲಿನಾದ ಪ್ರೈಮರಿ. ಅದರ ಮರುದಿನ ಬುಟಿಜೆಜ್, ಮಾರ್ಚ್ 2ರಂದು ಕ್ಲೋಬುಚಾರ್ ಕಣದಿಂದ ಹಿಂದೆ ಸರಿದರು. ಇಬ್ಬರೂ ಬಂದು ಬೈಡನ್‌ಗೆ ಬೆಂಬಲ ಸೂಚಿಸಿದ್ದು ನಿಮ್ಮ ಡಲ್ಲಾಸ್‌ನಲ್ಲೇ. ಅಷ್ಟರಲ್ಲಿ ಅವರಿಬ್ಬರ ಹೆಸರಿಗೆ ಬಿದ್ದಿದ್ದ ಟೆಕ್ಸಾಸ್ ಮತಗಳನ್ನು ವಾಪಸು ಪಡೆಯುವ ದಾರಿ ಇರಲಿಲ್ಲ. ನಮ್ಮಂತೆ ಕಾರ್ಡು ತಿರುಗಿಸಿ ಎರಡನೆಯ ಹೆಸರು ಬರೆಯುವ ಅವಕಾಶ ನಿಮಗಿಲ್ಲ. ಆದ್ದರಿಂದ ಯಾರೆಂದು ಗಟ್ಟಿಯಾಗಿ ನಿರ್ಧಾರವಾಗಿಲ್ಲದಿದ್ದರೆ ಮೊದಲ ದಿನವೇ ಹೋಗಬೇಡಿ, ಚುನಾವಣೆಯ ದಿನವಾದ ಮಂಗಳವಾರದವರೆಗೆ ಕಾಯಿರಿ. ಕೆಲಸಕ್ಕೆ ರಜೆ ಸಿಗುವುದಿಲ್ಲವಾದರೆ ಸಂಜೆ ಏಳರೊಳಗೆ ಸಾಲಿನಲ್ಲಿ ನಿಂತಿರಿ. ಆ ಹೊತ್ತಿಗೆ ಸಾಲಿನಲ್ಲಿ ಇದ್ದವರಿಗೆಲ್ಲ ಮತ ಹಾಕುವ ಹಕ್ಕಿದೆ.