ನಮ್ಮಲ್ಲಿ ‘ಹುಷಾರ್’ ಅಂದ್ರೆ ಜ್ವರ ಬಿಟ್ಟದ್ದು ಅಲ್ಲ

‘ಹುಷಾರ್’ ಅಂದ್ರೆ ನಮ್ಮಲ್ಲಿ ಏನು ಅಂತ ನೀವು ಕೇಳಿದ್ದು ಒಳ್ಳೇದಾಯ್ತು. ಮೈಸೂರು ಕಡೆಯಿಂದ ಕಲಬುರಗಿಗೆ ವರ್ಗವಾಗಿ ಬಂದವರು ಮೊದಲು ಎಡವೋದೇ ಈ ಮಾತಿನಲ್ಲಿ. ನಿಮ್ಮ ಮನೆ ಮಾಲೀಕರ ತಾಯಿಗೆ ಜ್ವರ ಬಂದಿತ್ತು. ನೀವು ಪಾಪ, ‘ಅಜ್ಜಿ ಹುಷಾರಾದ್ರಾ?’ ಅಂದ್ರಿ. ‘ನಮ್ಮ ಆಯಿ ಮೊದಲಿಂದಲೂ ಭಾಳ ಹುಷಾರ್ ಅದಾಳ್ರಿ, ಲೆಕ್ಕದಾಗ ಒಂದ್ ರೂಪಾಯಿ ಬಿಡಂಗಿಲ್ಲ’ ಅಂದ ಮೊಮ್ಮಗ. ಅವನು ತಮಾಷೆ ಮಾಡಲಿಲ್ಲ. ನಮ್ಮಲ್ಲಿ ಮೈ ಸರಿ ಇಲ್ಲದಿದ್ದರೆ ‘ಆರಾಮಿಲ್ಲ’, ವಾಸಿಯಾದರೆ ‘ಆರಾಮ್ ಆಯ್ತು’. ಹುಷಾರ್ ಅಂದ್ರೆ ಚುರುಕು, ಎಚ್ಚರ. ಪಾರಸಿಯಲ್ಲಿ ‘ಹೋಶ್’ ಅಂದ್ರೆ ಪ್ರಜ್ಞೆ. ಅದು ಇರುವವನೇ ಹುಷಾರ್. ಅಂದ್ರೆ ಮೂಲಕ್ಕೆ ಹತ್ತಿರ ಇರೋದು ನಮ್ಮ ಅರ್ಥವೇ. ಇಷ್ಟು ಜಂಬ ಪಡಬಹುದು ಅಲ್ವಾ?

ಈ ಪದಗಳು ಸುಮ್ನೆ ಬಂದು ಕೂತಿಲ್ಲ. ಬಹಮನಿ ಸುಲ್ತಾನರು 1347ರಲ್ಲಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡರು, ಆಮೇಲೆ ಬೀದರಿಗೆ ಹೋದರು. ದರ್ಬಾರಿನ ಮಾತು ಪಾರಸಿ. ಮುಂದೆ ನಿಜಾಮರ ಕಾಲದಲ್ಲೂ ಮೊದಲು ಪಾರಸಿಯೇ, ಆಮೇಲೆ 1948ರ ತನಕ ಕಚೇರಿ ಕಾಗದವೆಲ್ಲ ಉರ್ದು. ಕೋಟೆಯ ಪಹರೆ, ಚೌಕಿ ಎಲ್ಲ ಹೀಗೇ ಊರೊಳಗೆ ಬಂದವು. ಸಿಪಾಯಿಗಳು ಹೋದರು, ಪದ ಉಳಿದವು.

‘ಖಬರ್’ ತಗೊಳ್ಳಿ. ಮೂಲದಲ್ಲಿ ಸುದ್ದಿ. ನಮ್ಮ ಬಾಯಲ್ಲಿ ಅದು ಮೈಮೇಲಿನ ಎಚ್ಚರ. ‘ಖಬರ್ ಇಲ್ದಂಗ ಮಲಗ್ಯಾನ’ ಅಂದ್ರೆ ಮನೆ ಹೊತ್ತಿ ಉರಿದರೂ ಏಳದ ನಿದ್ದೆ. ಯಾವುದರ ಮೇಲೂ ಗಮನ ಇಲ್ಲದವನು ‘ಖಬರಗೇಡಿ’. ಚಿಕ್ಕವನಿದ್ದಾಗ ಈ ಬಿರುದು ನನಗೆ ದಿನಕ್ಕೆರಡು ಸಲ ಸಿಗುತ್ತಿತ್ತು. ‘ಖಬರ್ದಾರ್’ ಮಾತ್ರ ಬೇರೆ. ಅದು ಎಚ್ಚರ ಹೇಳೋದಲ್ಲ, ಬೆದರಿಕೆ. ‘ಖಬರ್ದಾರ್, ಇನ್ನೊಮ್ಮೆ ಈ ಕಡಿ ಬಂದೀ!’ ಇದನ್ನು ನೀವು ಯಾರ ಮೇಲೂ ಪ್ರಯೋಗ ಮಾಡಬೇಡಿ.

ಪ್ರೀತಿಯಿಂದ ಎಚ್ಚರ ಹೇಳಲಿಕ್ಕೆ ‘ಜ್ವಾಕಿ’ ಇದೆ. ನಿಮ್ಮ ‘ಜೋಕೆ’ಯೇ. ಆದರೆ ನಿಮ್ಮ ಕಡೆ ಜೋಕೆ ಅಂದ್ರೆ ಒಂಚೂರು ಗದರಿಕೆ, ಇಲ್ಲಿ ಅದರೊಳಗೆ ಸಾಕುವುದೂ ಸೇರಿದೆ. ‘ಕೂಸಿನ್ನ ಜ್ವಾಕಿ ಮಾಡು’ ಅಂದ್ರೆ ಕಾಯಿ, ನೋಡಿಕೋ, ಬೆಳೆಸು. ರಾತ್ರಿ ಹೊಲಕ್ಕೆ ಹೊರಟವನಿಗೆ ಅವ್ವ ಹೇಳೋದೂ ಇದನ್ನೇ: ‘ಬ್ಯಾಟ್ರಿ ಹಿಡ್ಕೊಂಡ್ ಜ್ವಾಕೀಲೆ ಹೋಗು, ಹುಳಾ ಹುಪ್ಪಡಿ ಇರ್ತಾವ.’ ಹುಳ ಅಂದ್ರೆ ಹಾವು. ಕತ್ತಲಲ್ಲಿ ಅದರ ಹೆಸರು ಹೇಳೋದಿಲ್ಲ. ಎಚ್ಚರಿಕೆಗೂ ಎಚ್ಚರಿಕೆ ನೋಡಿ.

‘ಧ್ಯಾಸ’ ಮತ್ತು ‘ನದರ್’ ಅಕ್ಕಪಕ್ಕದ ಮನೆಯವು. ಧ್ಯಾಸ ಮನಸ್ಸಿಗೆ, ನದರ್ ಕಣ್ಣಿಗೆ. ಒಲೆ ಮೇಲೆ ಹಾಲು ಉಕ್ಕಿದರೆ ‘ಧ್ಯಾಸ ಎಲ್ಲಿ ಅದ ನಿಂದು?’ ಜೋಳ ಹಾಲುತೆನೆಗೆ ಬಂದಾಗ ಮಂಚಿಕೆ ಮೇಲೆ ಕವಣೆ ಹಿಡಿದು ಕೂತವನಿಗೆ ‘ಹಕ್ಕಿ ಮ್ಯಾಲ ನದರ್ ಇರ್ಲಿ’.

ಈ ಪದಗಳೆಲ್ಲ ಒಂದೇ ವಾರದಲ್ಲಿ ಓಡಾಡಿದ್ದನ್ನು ನಾನು ಕಂಡದ್ದು 2020ರ ಅಕ್ಟೋಬರಿನಲ್ಲಿ, ಭೀಮಾ ಹೊಳೆ ಬಂದಾಗ. ನಮ್ಮೂರು ಅಫಜಲಪುರ ತಾಲೂಕಿನ ಹೊಳೆ ದಂಡೆಯಲ್ಲಿದೆ. ಇಲ್ಲಿ ಮಳೆ ಇರಲಿ ಬಿಡಲಿ, ಮಹಾರಾಷ್ಟ್ರದ ಉಜನಿ ಡ್ಯಾಮಿನಿಂದ ನೀರು ಬಿಟ್ಟರೆ ನಮ್ಮ ಸೊನ್ನ ಬ್ಯಾರೇಜಿಗೆ ಬಂದೇ ಬರುತ್ತದೆ. ಕಾಗದದಲ್ಲಿ ‘ನದಿ ಪಾತ್ರದ ಜನರು ಎಚ್ಚರಿಕೆಯಿಂದ ಇರತಕ್ಕದ್ದು’ ಅಂತ ಬಂತು, ಜೊತೆಗೆ ಕ್ಯೂಸೆಕ್ ಲೆಕ್ಕ. ಕ್ಯೂಸೆಕ್ ಯಾರಿಗೆ ತಿಳಿಯುತ್ತೆ? ಕಟ್ಟೆ ಮೇಲೆ ಕೂತ ಕಾಕಾ ಅದನ್ನು ‘ಉಜನಿದಾಗಿಂದ ನೀರ್ ಬಿಟ್ಟಾರಂತ, ಹುಷಾರ್ ಇರ್ರಿ’ ಮಾಡಿದರು. ಅದು ತಿಳಿಯಿತು. ಮರುದಿನ ಡಂಗುರ ಸಾರಿದರು. ಹೆಂಗಸರು ಕಾಳಿನ ಚೀಲ ಎತ್ತರಕ್ಕೆ ಏರಿಸುತ್ತಾ ‘ದನಾ ಕರಾ ಜ್ವಾಕಿ ಮಾಡ್ರಿ’ ಅಂದರು. ರಾತ್ರಿಗೆ ಮಾತು ಇನ್ನೂ ಸಣ್ಣದಾಯ್ತು: ‘ಖಬರ್ ಇಟ್ಟು ಮಲಗ್ರಿ.’ ನಿದ್ದೆಯಲ್ಲೂ ಎಚ್ಚರ ಇಟ್ಟುಕೋ ಅಂತ. ಹಂಗ ಮಲಗೋದು ಎಷ್ಟು ಕಷ್ಟ ಅಂತ ಆವತ್ತೇ ಗೊತ್ತಾಯ್ತು. ಬೆಳಗಿನ ಜಾವ ನೀರು ಓಣಿಗೆ ಬಂದಾಗ ಯಾವ ಪದವೂ ಇರಲಿಲ್ಲ. ಬಾಗಿಲು ಬಡಿಯೋದು, ‘ಏಳ್ರಿ, ಏಳ್ರಿ’ ಅನ್ನೋದು, ಅಷ್ಟೇ.

ನೀವು ಗಡಿ ಕಡೆ ತಿರುಗಿದರೆ ಇನ್ನೂ ಕೆಲವು ಸಿಗುತ್ತವೆ. ಬೀದರಿನ ಔರಾದ್, ಭಾಲ್ಕಿ ಕಡೆ ಮರಾಠಿ ಸೋಕಿದ ‘ಸಂಭಾಳಿಸಿ ಹೋಗ್ರಿ’. ಯಾದಗಿರಿಯ ಗುರುಮಠಕಲ್ ಕಡೆ ತೆಲುಗಿನ ‘ಜಾಗ್ರತ್ತ’. ಬಸ್ಸಿನಲ್ಲಿ ಕಂಡಕ್ಟರ್ ‘ಸಾವಕಾಶ ಇಳೀರಿ’ ಅಂದರೆ ಪುರುಸೊತ್ತಾಗಿ ಇಳಿಯಿರಿ ಅಂತಲ್ಲ, ಮೆಟ್ಟಿಲು ನೋಡಿಕೊಂಡು ಇಳಿಯಿರಿ ಅಂತ. ಪೇಪರ್ ಓದುತ್ತಾ ನಿಂತರೆ ಅವರೇ ಖಬರಗೇಡಿ ಅಂದಾರು.

ಇನ್ನು ಆಯಿಯನ್ನು ಮಾತಾಡಿಸಬೇಕಿದ್ದರೆ ‘ಆಯಿ, ಈಗ ಆರಾಮ್ ಅದೀರೇನ್ರಿ?’ ಅನ್ನಿ. ಈ ತಿಂಗಳ ಬಾಡಿಗೆ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಅವರು ಹುಷಾರ್ ಅದಾರ.